ಮೊಣಕಾಲಿಗೆ ಎರಡಿಂಚು

ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಜಿಪ್ಸಿಯ ಕ್ಲಚ್ಚನ್ನು ಎಷ್ಟು ಸಲ ತುಳಿಯಬೇಕು ಅನ್ನುವುದು ಮೂಡಿಗೆರೆ, ಸಕಲೇಶಪುರದ ಕಡೆ ಗಾಡಿ ಓಡಿಸಿದವರಿಗೆ ಗೊತ್ತು. ಒಂದೊಂದು ಸಲ ಕಾಲೆತ್ತಿದಾಗಲೂ ನನ್ನ ಎಡ ಮೊಣಕಾಲು ಸ್ಟೇರಿಂಗಿನ ಕೆಳಗಿನ ಬಳೆಗೆ ಬಡಿಯುತ್ತಿತ್ತು. ಬಲ ಮೊಣಕಾಲು ಡ್ಯಾಶ್‌ಬೋರ್ಡಿನ ಅಂಚಿಗೆ ಒರಗಿಕೊಂಡೇ ಇರುತ್ತಿತ್ತು. ನನ್ನ ಎತ್ತರ ಆರಡಿ ಎರಡಿಂಚು. ಸೀಟನ್ನು ಕೊನೆಯ ಹಲ್ಲಿನವರೆಗೆ ಹಿಂದಕ್ಕೆ ತಳ್ಳಿದರೂ ಕೂತದ್ದು ಕುಕ್ಕರುಗಾಲಲ್ಲೇ. ಸಂಜೆ ಇಳಿದ ಮೇಲೆ ಬಾಗಿಲು ಹಿಡಿದು ಒಂದು ನಿಮಿಷ ನಿಂತು, ಸೊಂಟ ನೆಟ್ಟಗಾದ ಮೇಲೆಯೇ ಮನೆಯ ಮೆಟ್ಟಿಲು ಹತ್ತುವುದು. ಹೀಗೆ ಹನ್ನೊಂದು ವರ್ಷ ಓಡಿಸಿದೆ.

ಜಿಪ್ಸಿಯಲ್ಲಿ ಜಾಗಕ್ಕೆ ಬರವಿಲ್ಲ. 1985ರಲ್ಲಿ ಮಾರುತಿ ಇದನ್ನು ತಂದಾಗ ಸುಜುಕಿಯ ಚಿಕ್ಕ ಜೀಪನ್ನೇ ಉದ್ದ ಮಾಡಿ ತಂದಿತು. ಚಿಕ್ಕದರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2030 ಮಿಲಿಮೀಟರ್, ಜಿಪ್ಸಿಯಲ್ಲಿ 2375. ಹೆಚ್ಚಾದ ಒಂದಡಿಗೂ ಮಿಕ್ಕಿದ ಜಾಗ ಪೂರ್ತಿ ಹಿಂದೆ ಎದುರುಬದುರು ಕೂರುವವರ ಪಾಲಾಯಿತು. ಡ್ರೈವರ್ ಮಾತ್ರ ಚಿಕ್ಕ ಜೀಪಿನ ಜಾಗದಲ್ಲೇ ಉಳಿದ. ಬೇರೆ ಗಾಡಿಗಳ ಕತೆಯೂ ಹೆಚ್ಚುಕಡಿಮೆ ಇದೇ. ಹಳೆಯ ವಿಲ್ಲಿಸ್ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ ಇತ್ತು, ಹಾಗಾಗಿ ಸೀಟು ಅದರ ಮೇಲೇ ಕೂರಬೇಕಿತ್ತು. 2016ರವರೆಗೆ ಬಂದ ಲ್ಯಾಂಡ್ ರೋವರ್ ಡಿಫೆಂಡರಿನಲ್ಲಿ ಮುಂದಿನ ಸೀಟಿನ ಬೆನ್ನಿಗೇ ತಗಡಿನ ಅಡ್ಡಗೋಡೆ. ಸಾಮಾನು ಸಾಗಿಸಲಿ, ಏರು ಹತ್ತಲಿ, ಹೊಳೆ ದಾಟಲಿ ಎಂದು ಮಾಡಿದ ಗಾಡಿಗಳು ಇವು. ದಿನಕ್ಕೆ ಆರು ಗಂಟೆ ಒಳಗೆ ಕೂರುವವನ ಕಾಲಿನ ಉದ್ದವನ್ನು ಅಳೆದವರು ಕಡಿಮೆ.

ಸೀಟನ್ನು ಹಿಂದಕ್ಕೆ ಸರಿಸಲು ಹಾಕುವ ಪಟ್ಟಿಗೆ ಎಕ್ಸ್‌ಟೆನ್ಷನ್ ರೈಲು ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಬರೀ 'ಪಟ್ಟಿ'. ಸೀಟಿನ ರನ್ನರಿಗೂ ಗಾಡಿಯ ಫ್ಲೋರಿಗೂ ನಡುವೆ ಎರಡು ಪಕ್ಕದಲ್ಲೂ ಒಂದೊಂದು ದಪ್ಪ ಉಕ್ಕಿನ ಪಟ್ಟಿ ಬರುತ್ತದೆ. ಪಟ್ಟಿ ಕೂರುವುದು ಕಂಪನಿಯವರೇ ಕೊಟ್ಟ ಹಳೆಯ ತೂತುಗಳಿಗೆ. ಸೀಟು ಕೂರುವುದು ಪಟ್ಟಿಯಲ್ಲಿ ಒಂದೆರಡು ಇಂಚು ಹಿಂದಕ್ಕೆ ಹೊಡೆದ ಹೊಸ ತೂತುಗಳಿಗೆ. ಆಸ್ಟ್ರೇಲಿಯಾದಲ್ಲಿ ಜಿಮ್ನಿಗೂ 70 ಸರಣಿಯ ಲ್ಯಾಂಡ್ ಕ್ರೂಸರಿಗೂ ಇದು ಸಿದ್ಧವಾಗಿಯೇ ಸಿಗುತ್ತದೆ. ಅಲ್ಲಿ ಸೀಟಿನ ಹಿಡಿತಕ್ಕೊಂದು ನಿಯಮ, ಬೆಲ್ಟಿನ ಹಿಡಿತಕ್ಕೊಂದು ನಿಯಮ ಬೇರೆಬೇರೆ ಇವೆ. ನಮ್ಮಲ್ಲಿ ಎಲ್ಲವೂ ಗ್ಯಾರೇಜಿನವರ ಕೈಗುಣ.

ಆ ಕೈಗುಣವನ್ನು ನಂಬಿ ನಾನು ಮೊದಲ ಸಲ ಏಟು ತಿಂದೆ. ಒಂದು ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟರು. ಸೀಟಿನ ಕಾಲಿಗೆ ಕಬ್ಬಿಣದ ತುಂಡು ಇಟ್ಟು ವೆಲ್ಡಿಂಗ್ ಮಾಡಿದ್ದರು. ಕಾಲು ಚಾಚಲು ಜಾಗ ಸಿಕ್ಕಿತು, ಖುಷಿಯಾಯಿತು. ಮೂರನೇ ವಾರ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಏರಿನಲ್ಲಿ ಫಸ್ಟ್ ಗೇರಿನಲ್ಲಿ ಹೋಗುತ್ತಿದ್ದಾಗ ಬಲಗಡೆ ಹಿಂದಿನ ವೆಲ್ಡಿಂಗ್ 'ಟಕ್' ಎಂದು ಬಿಟ್ಟಿತು. ಸೀಟು ಹಿಂದಕ್ಕೆ ವಾಲಿತು. ಕಾಲು ಬ್ರೇಕಿನಿಂದಲೂ ಕ್ಲಚ್ಚಿನಿಂದಲೂ ಒಟ್ಟಿಗೆ ಎದ್ದುಬಂತು. ಗಾಡಿ ಎಗರಿ ಆಫ್ ಆಯಿತು. ಗೇರಿನಲ್ಲೇ ಇದ್ದದ್ದರಿಂದ ನಿಂತಿತು. ಕೆಳಗೆ ಕೆರೆ. ಸ್ಟೇರಿಂಗ್ ಹಿಡಿದು ಎದ್ದು ಕೂತು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಆಮೇಲೆ ಹೋದದ್ದು ನಲವತ್ತು ವರ್ಷದಿಂದ ಜೀಪುಗಳನ್ನೇ ನೋಡಿಕೊಂಡು ಬಂದ ಮೇಸ್ತ್ರಿಯ ಹತ್ತಿರ. ಮುರಿದ ಬೆಸುಗೆಯ ಮೇಲೆ ಬೆರಳಾಡಿಸಿ ಅವರು ಹೇಳಿದರು: "ಗೌಡ್ರೇ, ಸೀಟು ಹಿಂದೆ ಹಾಕೋದು ದೊಡ್ಡ ಕೆಲ್ಸ ಅಲ್ಲ. ಬ್ರೇಕ್ ಮಾಡ್ದಂಗೆ ಮನಸ್ಸಿಟ್ಟು ಮಾಡ್ಬೇಕು ಅಷ್ಟೆ. ನಾಳೆ ಬೆಳಿಗ್ಗೆ ಬನ್ನಿ, ಇಡೀ ದಿನ ಬಿಟ್ಟೋಗಿ."

ನಾನು ಬಿಟ್ಟುಹೋಗಲಿಲ್ಲ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ಸಂಜೆಯೇ ಎಣ್ಣೆ ಬಿಡಿಸಿ ಕಳಿಸಿದ್ದರು. ಬೆಳಿಗ್ಗೆ ಅವು ಥ್ರೆಡ್ ಹಾಳಾಗದೆ ಬಿಚ್ಚಿಕೊಂಡವು. ಸೀಟು ಎತ್ತಿದಾಗ ಕೆಳಗೆ ಒಣಗಿದ ಕಾಫಿ ಎಲೆ, ಎರಡು ಜಿಗಣೆ, ಮಗಳು ಚಿಕ್ಕವಳಿದ್ದಾಗ ಕಳೆದುಹೋಗಿದ್ದ ಕ್ಲಿಪ್ಪು. ಮೇಸ್ತ್ರಿ ಫ್ಲೋರಿನ ಮೇಲೆ ರಟ್ಟು ಹಾಸಿ, ಸುತ್ತಿಗೆಯ ತಲೆಯಿಂದ ಮೆಲ್ಲಗೆ ತಟ್ಟಿ ತೂತುಗಳ ಅಚ್ಚು ತೆಗೆದರು. ಆ ಅಚ್ಚಿನ ಮೇಲೆ ಆರು ಮಿಲಿಮೀಟರ್ ದಪ್ಪದ ಪಟ್ಟಿ ಕತ್ತರಿಸಿದರು. ಪಟ್ಟಿ ಮುಂದಿನ ಬೋಲ್ಟಿನಿಂದ ಹಿಂದಿನ ಬೋಲ್ಟನ್ನೂ ದಾಟಿ ಒಂದೇ ತುಂಡಾಗಿ ಹೋಗಬೇಕು ಎಂಬುದು ಅವರ ಹಟ. ಹಿಂದಕ್ಕೆ ಚಾಚಿದ ತುದಿಗೆ ಇನ್ನೊಂದು ಬೋಲ್ಟು. ಫ್ಲೋರಿನ ತಗಡು ತೆಳುವಾದ್ದರಿಂದ ಗಾಡಿಯ ಅಡಿಯಿಂದ ಅಂಗೈ ಅಗಲದ ಪ್ಲೇಟು ಕೊಟ್ಟು ಅದನ್ನು ಬಿಗಿದರು.

ಕಾರಣ ಸರಳ. ಸೀಟು ಬೋಲ್ಟಿಗಿಂತ ಹಿಂದೆ ಹೋದಷ್ಟೂ ಮೈಭಾರ ಸನ್ನೆಗೋಲಿನ ಹಾಗೆ ಮುಂದಿನ ಬೋಲ್ಟನ್ನು ಮೇಲಕ್ಕೆ ಮೀಟುತ್ತದೆ. ಡಿಕ್ಕಿಯಾದರಂತೂ ಲೆಕ್ಕವೇ ಬೇರೆ. ಸೀಟಿನ ತೂಕದ 20 ಪಟ್ಟು ಎಳೆತಕ್ಕೂ ಹಿಡಿತ ಬಿಡಬಾರದು ಎನ್ನುತ್ತದೆ ಅಮೆರಿಕದ ಸುರಕ್ಷತಾ ನಿಯಮ. 15 ಕಿಲೋದ ಸೀಟಿಗೆ ಅದು 300 ಕಿಲೋ. ಬೆಲ್ಟಿನ ಬಕಲ್ ಸೀಟಿಗೇ ಇರುವ ಗಾಡಿಯಲ್ಲಿ ಕೂತವನ ಭಾರವೂ ಆ ಪಟ್ಟಿಯ ಮೇಲೆಯೇ ಬರುತ್ತದೆ. ಅದಕ್ಕೇ ಬೋಲ್ಟಿನ ತಲೆ ನೋಡಿ ಕೊಳ್ಳಬೇಕು. 8.8 ಎಂದು ಅಚ್ಚಿದ್ದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಾಳುವ ಉಕ್ಕು. 4.6 ಎಂದಿದ್ದರೆ ಅದರ ಅರ್ಧ. ಅಚ್ಚೇ ಇಲ್ಲದ ಬೋಲ್ಟು ಗೇಟಿಗೆ ಸಾಕು, ಸೀಟಿಗೆ ಬೇಡ.

ಬಕಲ್ ಫ್ಲೋರಿಗೆ ಇರುವ ಗಾಡಿಯಲ್ಲಿ ಇನ್ನೊಂದು ಅಪಾಯವಿದೆ. ಸೀಟು ಹಿಂದೆ ಸರಿದರೂ ಬಕಲ್ ಇದ್ದಲ್ಲೇ ಉಳಿಯುತ್ತದೆ. ಸೊಂಟದ ಮೂಳೆಯ ಮೇಲೆ ಕೂರಬೇಕಾದ ಬೆಲ್ಟು ಹೊಟ್ಟೆಯ ಮೇಲಕ್ಕೆ ಜರುಗಿದರೆ, ಡಿಕ್ಕಿಯಲ್ಲಿ ಮೈ ಕೆಳಗಿನಿಂದ ಜಾರಿ ಬೆಲ್ಟು ಕರುಳನ್ನೇ ಒತ್ತುತ್ತದೆ. ಹೊಸ ಥಾರ್, ಜಿಮ್ನಿಗಳ ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನ ವೈರು. ಬ್ಯಾಟರಿ ಕಳಚದೆ, ಗೊತ್ತಿಲ್ಲದವರು ಮುಟ್ಟಬಾರದು. ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಅಡ್ಡಿ ಮಾಡುತ್ತದೆ. ಕೈ ಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ.

ಎಷ್ಟು ಹಿಂದಕ್ಕೆ? ನನಗೆ ಮೂರಿಂಚು ಬೇಕಿತ್ತು. ಮೇಸ್ತ್ರಿ ಕೇಳಿದರು: "ಅಕ್ಕಾವ್ರೂ ಓಡುಸ್ತಾರಲ್ವಾ?" ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಪಟ್ಟಿ ಹಾಕಿದರೆ ರನ್ನರಿನ ಓಟ ಹೆಚ್ಚುವುದಿಲ್ಲ, ಇಡೀ ಓಟವೇ ಹಿಂದಕ್ಕೆ ಜರುಗುತ್ತದೆ. ಐದಡಿಯ ನನ್ನ ಹೆಂಡತಿ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡೇ ಓಡಿಸುವವಳು. ಮೂರಿಂಚು ಹೋಗಿದ್ದರೆ ಅವಳಿಗೆ ಕ್ಲಚ್ಚು ಕೊನೆಯವರೆಗೆ ಎಟುಕುತ್ತಿರಲಿಲ್ಲ. ಅವಳನ್ನು ಕರೆಸಿ ಕೂರಿಸಿ, ಪೆಡಲ್ ಪೂರ್ತಿ ತುಳಿಸಿ ನೋಡಿದೆವು. ಬೆನ್ನಿಗೊಂದು ಗಟ್ಟಿ ದಿಂಬು ಇಟ್ಟರೆ ಎರಡಿಂಚಿನವರೆಗೆ ತೊಂದರೆಯಿಲ್ಲ ಎಂದಾಯಿತು. ಎರಡಕ್ಕೇ ನಿಲ್ಲಿಸಿದೆವು.

ನನಗೆ ಅಷ್ಟೇ ಸಾಕಾಯಿತು. ಬೆನ್ನು ಸೀಟಿಗೆ ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿನ ಮೇಲೆ ಕೂರುತ್ತದೆ. ಕ್ಲಚ್ಚು ಪೂರ್ತಿ ತುಳಿದಾಗಲೂ ಮೊಣಕಾಲು ಒಂಚೂರು ಬಾಗಿಯೇ ಇರುತ್ತದೆ. ಸೀಟಿನ ಮುಂದಿನ ಬೋಲ್ಟಿಗೆ ವಾಷರ್ ಕೊಟ್ಟು ಅರ್ಧ ಇಂಚು ಎತ್ತಿದ್ದರಿಂದ ತೊಡೆಗೂ ಆಸರೆ ಸಿಕ್ಕಿತು. ಹೊಸ ಪಟ್ಟಿಯ ಮೇಲೆ ಮೊದಲ ಸಲ ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ, ಬಾಗಿಲು ಹಿಡಿದುಕೊಳ್ಳದೆ ಇಳಿದು ನಡೆದೆ. ಹೋಟೆಲಿನ ಬೆಂಚಿಗೆ ಬಂದು ಕೂತ ಮೇಲೆಯೇ ಅದು ಹೊಳೆದದ್ದು.

ಬಿಗಿದ ಮೇಲೆ ಮೇಸ್ತ್ರಿ ಪ್ರತಿ ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದುಕೊಟ್ಟಿದ್ದಾರೆ. ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ತಿಂಗಳಿಗೊಮ್ಮೆ ಟಾರ್ಚು ಹಿಡಿದು ಬಗ್ಗಿ ನೋಡುತ್ತೇನೆ. ಹೋದ ತಿಂಗಳು ಬಲಗಡೆ ಹಿಂದಿನದು ಒಂದು ಕೂದಲೆಳೆಯಷ್ಟು ಜರುಗಿತ್ತು. ಸ್ಪ್ಯಾನರ್ ಹಾಕಿ ಬಿಗಿದು, ಹಳೆಯ ಗೆರೆ ಉಜ್ಜಿ ಹೊಸದು ಎಳೆದೆ.