ನೀರಿಗಿಳಿಯುವಾಗಲೇ ಉರಿಯಬೇಕಾದ ದೀಪ

ಅಮೆರಿಕದಲ್ಲಿ ಸಣ್ಣ ದೋಣಿಗಳು ವರ್ಷದ ಬಹುಪಾಲು ಕಳೆಯುವುದು ಮನೆಯಂಗಳದಲ್ಲಿ, ಟ್ರೈಲರಿನ ಮೇಲೆ. ರಜೆ ಬಂತೆಂದರೆ ಟ್ರೈಲರನ್ನು ಪಿಕಪ್ ವಾಹನಕ್ಕೆ ಕಟ್ಟಿಕೊಂಡು ಸರೋವರದತ್ತ ಹೊರಡುತ್ತಾರೆ. ಮಿನ್ನೆಸೋಟದಂಥ ರಾಜ್ಯದಲ್ಲಿ ಸರೋವರಗಳ ಸಂಖ್ಯೆಯೇ ಹತ್ತು ಸಾವಿರ ದಾಟುತ್ತದೆ. ದಡದಿಂದ ನೀರಿನೊಳಕ್ಕೆ ಹೋಗುವ ಕಾಂಕ್ರೀಟ್ ಇಳಿಜಾರುಗಳು ಅಲ್ಲಿ ಊರೂರಿಗೂ ಸಿಗುತ್ತವೆ. ಇವುಗಳ ಇಳಿತ ಸಾಮಾನ್ಯವಾಗಿ 100 ಅಡಿಗೆ 12ರಿಂದ 15 ಅಡಿ. ಟ್ರೈಲರನ್ನು ಹಿಮ್ಮುಖವಾಗಿ ಇಳಿಸುತ್ತ ಹೋಗಿ, ಚಕ್ರಗಳು ಮುಳುಗುವಷ್ಟು ನೀರಿಗೆ ತಳ್ಳಿದರೆ ದೋಣಿ ತಾನಾಗಿಯೇ ತೇಲತೊಡಗುತ್ತದೆ.

ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಹೋಗುವುದು ಹಗಲಿನಲ್ಲೇ ಕಷ್ಟ. ಟ್ರೈಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಕಬ್ಬಿನ ಗಾಡಿಯನ್ನು ಕಾರ್ಖಾನೆ ಅಂಗಳದಲ್ಲಿ ಹಿಂದಕ್ಕೆ ಬಿಡುವ ಮಂಡ್ಯದ ಟ್ರ್ಯಾಕ್ಟರ್ ಚಾಲಕರಿಗೆ ಈ ತಿರುಗುಮುರುಗು ಹೇಳಿಕೊಡಬೇಕಿಲ್ಲ. ಮೀನು ಹಿಡಿಯುವವರಿಗಾದರೋ ಇದನ್ನು ನಸುಕಿನ ಕತ್ತಲಲ್ಲೇ ಮಾಡುವ ಅನಿವಾರ್ಯ. ವಾಹನದ ರಿವರ್ಸ್ ಲೈಟಿನ ಬೆಳಕು ದೋಣಿಯ ಹೊಟ್ಟೆಗೆ ಬಡಿದು ಅಲ್ಲೇ ನಿಲ್ಲುತ್ತದೆ. 2018ರ ಮೇ ತಿಂಗಳಿಂದ ಅಮೆರಿಕದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಗಿದೆ ನಿಜ, ಆದರೆ ಟ್ರೈಲರ್ ಕಟ್ಟಿದ ಮೇಲೆ ಆ ಕ್ಯಾಮೆರಾಕ್ಕೆ ಕಾಣುವುದು ಟ್ರೈಲರಿನ ಮೂತಿಯಷ್ಟೇ. ಅಲ್ಲಿನ ವಾಹನ ದೀಪಗಳ ಕೇಂದ್ರ ನಿಯಮ ಕಾರಿಗೆ ರಿವರ್ಸ್ ಲೈಟು ಇರಲೇಬೇಕು ಎನ್ನುತ್ತದೆ, ಟ್ರೈಲರಿಗೆ ಬೇಕೆನ್ನುವುದಿಲ್ಲ. ಹೀಗಾಗಿ ಕಾರ್ಖಾನೆಯಿಂದ ಬರುವ ಹೆಚ್ಚಿನ ದೋಣಿ ಟ್ರೈಲರುಗಳಲ್ಲಿ ಅದು ಇರುವುದೂ ಇಲ್ಲ. ಬೇಕಾದವರು ತಾವೇ ಹಾಕಿಕೊಳ್ಳುತ್ತಾರೆ.

ಎರಡು ಲೈಟು, ಒಂದಿಷ್ಟು ವೈರು, ಮುಗಿಯಿತು ಎನಿಸುವ ಕೆಲಸ. ಆದರೆ ಟ್ರೈಲರಿನ ಉಳಿದ ದೀಪಗಳಿಗಿಲ್ಲದ ಫಜೀತಿಯೊಂದು ಇದಕ್ಕಿದೆ. ಬ್ರೇಕ್ ಲೈಟು, ಇಂಡಿಕೇಟರು, ಟೈಲ್ ಲೈಟು ಎಲ್ಲವೂ ರಸ್ತೆಗಾಗಿ ಇರುವಂಥವು. ನೀರಿಗಿಳಿಸುವ ಮೊದಲು ಪ್ಲಗ್ ಕಿತ್ತುಬಿಡಿ, ದೀಪ ತಣ್ಣಗಾಗಲಿ ಎಂಬುದು ದೋಣಿಯವರ ಹಳೆಯ ಬುದ್ಧಿಮಾತು. ರಿವರ್ಸ್ ಲೈಟಿಗೆ ಈ ಮಾತು ಹೊಂದುವುದಿಲ್ಲ. ಅದು ಉರಿಯಬೇಕಾದದ್ದೇ ನೀರಿಗಿಳಿಯುವ ಹೊತ್ತಿನಲ್ಲಿ.

ಪ್ಲಗ್ ಕೀಳಲು ಹೇಳುವುದರ ಹಿಂದೆ ಸರಳ ಭೌತಶಾಸ್ತ್ರವಿದೆ. ಉರಿಯುವ ಬಲ್ಬಿನ ಬಿಸಿಗೆ ದೀಪದ ಡಬ್ಬಿಯೊಳಗಿನ ಗಾಳಿ ಕಾಯುತ್ತದೆ, ಹಿಗ್ಗಿದ ಗಾಳಿಯಲ್ಲಿ ಒಂದಂಶ ಸಂದುಗಳಿಂದ ಹೊರಬೀಳುತ್ತದೆ. ಅದೇ ಡಬ್ಬಿ ತಣ್ಣೀರಿನಲ್ಲಿ ಮುಳುಗಿದರೆ ಉಳಿದ ಗಾಳಿ ಥಟ್ಟನೆ ಕುಗ್ಗುತ್ತದೆ. 80 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ 15 ಡಿಗ್ರಿಗೆ ಇಳಿಯಿತೆನ್ನಿ. ಒಳಗಿನ ಒತ್ತಡ ಶೇಕಡ 18ರಷ್ಟು ಕುಸಿಯುತ್ತದೆ. ಅರ್ಧ ಮೀಟರ್ ಆಳದ ನೀರು ಹೊರಗಿನಿಂದ ಹಾಕುವ ಹೆಚ್ಚುವರಿ ಒತ್ತಡ ಶೇಕಡ 5 ಮಾತ್ರ. ಅಂದರೆ ದೀಪದೊಳಕ್ಕೆ ನೀರು ನುಗ್ಗುವುದಕ್ಕೆ ಆಳಕ್ಕಿಂತ ದೊಡ್ಡ ಕಾರಣ ಈ ದಿಢೀರ್ ತಂಪು. ರಬ್ಬರ್ ಸೀಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ದೀಪವೇ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಬಿಸಿ ಬಲ್ಬಿನ ಗಾಜಿಗೆ ತಣ್ಣೀರು ತಾಗಿದರೆ ಸೀಳಿಯೇ ಹೋಗುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಒಂದು, ಒಳಭಾಗವನ್ನೆಲ್ಲ ರಾಳದಿಂದ ತುಂಬಿ ಗಾಳಿಗೆ ಜಾಗವೇ ಇಲ್ಲದಂತೆ ಮಾಡಿದ ಎಲ್‌ಇಡಿ ದೀಪ. ಗಾಳಿಯೇ ಇಲ್ಲದಾಗ ಕುಗ್ಗುವ, ಹೀರುವ ಮಾತಿಲ್ಲ. ಇನ್ನೊಂದು, ದೀಪವನ್ನು ನೀರು ಮುಟ್ಟದಷ್ಟು ಎತ್ತರದಲ್ಲಿ ಕೂರಿಸುವುದು. ದೋಣಿಯನ್ನು ಮರಳಿ ಟ್ರೈಲರಿಗೆ ಏರಿಸುವಾಗ ಅದು ಅತ್ತಿತ್ತ ವಾಲದಿರಲೆಂದು ಹಿಂಭಾಗದಲ್ಲಿ ಎರಡು ಕಂಬಗಳನ್ನು ನಿಲ್ಲಿಸಿರುತ್ತಾರೆ. ಅವುಗಳ ತುದಿಯಲ್ಲಿ ದೀಪ ಕಟ್ಟಿದರೆ ಟ್ರೈಲರ್ ಮುಳುಗಿದಾಗಲೂ ಬೆಳಕು ಮೇಲೆಯೇ ಇರುತ್ತದೆ. ದೀಪದ ಮುಖವನ್ನು ಮಾತ್ರ ಚೂರು ಕೆಳಕ್ಕೆ ಬಾಗಿಸಬೇಕು. ಇಲ್ಲವಾದರೆ ಆಚೆ ನೀರಿನಲ್ಲಿ ಕಾಯುತ್ತಿರುವವರ ಕಣ್ಣು ಕುಕ್ಕುತ್ತದೆ.

ಇನ್ನು ಕರೆಂಟು ಎಲ್ಲಿಂದ ತರುವುದು? ಸಣ್ಣ ಟ್ರೈಲರುಗಳ ಪ್ಲಗ್ಗಿನಲ್ಲಿ ನಾಲ್ಕೇ ವೈರು: ಬಿಳಿಯದು ಅರ್ತ್, ಕಂದು ಟೈಲ್ ಲೈಟಿಗೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ರಿವರ್ಸ್ ಗೇರು ಬಿದ್ದ ಸುದ್ದಿ ಇವುಗಳಲ್ಲಿ ಯಾವುದರಲ್ಲೂ ಬರುವುದಿಲ್ಲ. ಐದು ವೈರಿನ ಪ್ಲಗ್ ಆದರೆ ನೀಲಿ ವೈರು, ಏಳು ಪಿನ್ನಿನ ದುಂಡು ಪ್ಲಗ್ ಆದರೆ ನಟ್ಟನಡುವಿನ ಪಿನ್ನು ಆ ಕೆಲಸ ಮಾಡುತ್ತದೆ.

ಆ ನೀಲಿ ವೈರು ಹುಟ್ಟಿಕೊಂಡದ್ದು ದೀಪಕ್ಕಾಗಿ ಮಾತ್ರವಲ್ಲ, ಬ್ರೇಕಿಗಾಗಿಯೂ ಹೌದು. ದೋಣಿ ಟ್ರೈಲರುಗಳ ಬ್ರೇಕಿಗೆ ಪೆಡಲ್ ಇರುವುದಿಲ್ಲ. ಮುಂದಿನ ವಾಹನ ನಿಧಾನವಾದಾಗ ಟ್ರೈಲರ್ ತನ್ನ ಓಟದ ರಭಸದಲ್ಲಿ ಕೊಂಡಿಯನ್ನು ಒತ್ತುತ್ತದೆ. ಕೊಂಡಿಯ ಜಾರುಭಾಗ ಒಳಸರಿದು ಮಾಸ್ಟರ್ ಸಿಲಿಂಡರನ್ನು ಅದುಮುತ್ತದೆ. ಬ್ರೇಕ್ ಆಯಿಲ್ ಚಕ್ರಗಳನ್ನು ಹಿಡಿಯುತ್ತದೆ. ಜಾಣ ವ್ಯವಸ್ಥೆಯೇ, ಆದರೆ ರಿವರ್ಸ್ ಹೋಗುವಾಗಲೂ ಕೊಂಡಿ ಹೀಗೆಯೇ ಒತ್ತಲ್ಪಡುತ್ತದೆ. ಇಳಿಜಾರಿನಲ್ಲಿ ಟ್ರೈಲರ್ ತನ್ನ ಭಾರಕ್ಕೆ ತಾನೇ ಇಳಿಯುವುದರಿಂದ ತೊಂದರೆ ಕಡಿಮೆ. ಮನೆಯ ಏರು ಅಂಗಳಕ್ಕೆ ಹಿಮ್ಮುಖವಾಗಿ ಹತ್ತಿಸುವಾಗ ಬ್ರೇಕ್ ಗಟ್ಟಿಯಾಗಿ ಕಚ್ಚಿ ಚಕ್ರಗಳು ನಿಂತೇಬಿಡುತ್ತವೆ. ಡಿಸ್ಕ್ ಬ್ರೇಕಿನ ಟ್ರೈಲರುಗಳಲ್ಲಿ ಇದನ್ನು ತಪ್ಪಿಸಲು ಸೊಲೆನಾಯ್ಡ್ ವಾಲ್ವ್ ಒಂದನ್ನು ಇಟ್ಟಿರುತ್ತಾರೆ. ರಿವರ್ಸ್ ಗೇರಿನ ಕರೆಂಟು ನೀಲಿ ವೈರಿನಲ್ಲಿ ಬಂದೊಡನೆ ಅದು ಆಯಿಲಿನ ದಾರಿ ಮುಚ್ಚಿ, ಬ್ರೇಕ್ ಹಿಡಿಯದಂತೆ ತಡೆಯುತ್ತದೆ.

ದೀಪ ಹಾಕುವವರು ತಪ್ಪುವುದು ಇಲ್ಲಿಯೇ. ನೀಲಿ ವೈರಿಗೆ ನೇರವಾಗಿ 55 ವ್ಯಾಟಿನ ಎರಡು ಬಲ್ಬು ಸೇರಿಸಿದರೆ ಒಟ್ಟು ಸುಮಾರು 9 ಆಂಪಿಯರ್ ಎಳೆಯುತ್ತವೆ. ಕಾರಿನ ಸ್ವಂತ ರಿವರ್ಸ್ ಲೈಟುಗಳೆಂದರೆ 21 ವ್ಯಾಟಿನ ಎರಡು ಬಲ್ಬು, ಮೂರೂವರೆ ಆಂಪಿಯರ್. ಅಲ್ಲಿನ ವೈರು, ಫ್ಯೂಸು ಆ ಲೆಕ್ಕಕ್ಕೆ ಮಾಡಿದವು. ಫ್ಯೂಸ್ ಹಾರಿತೋ, ದೀಪದ ಜೊತೆ ಸೊಲೆನಾಯ್ಡೂ ಸತ್ತು ಬ್ರೇಕ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನಡುವೆ ಒಂದು ರಿಲೇ ಬೇಕು. ರಿಲೇಯ 85, 86 ಎಂಬ ಕಾಲುಗಳಿಗೆ ರಿವರ್ಸ್ ವೈರು ಮತ್ತು ಅರ್ತ್. ಆ ಕಾಲುಗಳ ನಡುವೆ ರಿಲೇಯೊಳಗಿರುವ ಸುರುಳಿ ಎಳೆಯುವುದು ಆಂಪಿಯರಿನ ಐದನೇ ಒಂದಂಶವೂ ಇಲ್ಲ. 30ನೇ ಕಾಲಿಗೆ ಫ್ಯೂಸ್ ಮೂಲಕ ಬ್ಯಾಟರಿಯ ಕರೆಂಟು, 87ರಿಂದ ದೀಪಕ್ಕೆ. ರಿವರ್ಸ್ ವೈರು ಅಪ್ಪಣೆ ಕೊಡುತ್ತದೆ, ಹೊರೆ ಹೊರುವುದು ಬ್ಯಾಟರಿ.

ವೈರಿನ ದಪ್ಪವನ್ನೂ ಕಡೆಗಣಿಸುವಂತಿಲ್ಲ. ಪ್ಲಗ್ಗಿನಿಂದ ಟ್ರೈಲರಿನ ಬಾಲಕ್ಕೆ 8 ಮೀಟರ್ ಎಂದುಕೊಳ್ಳೋಣ. ಹೋಗಿಬರುವ ದಾರಿ 16 ಮೀಟರ್. 16 ಗೇಜಿನ ತಾಮ್ರದ ವೈರಿನಲ್ಲಿ 55 ವ್ಯಾಟಿನ ಒಂದೇ ಬಲ್ಬಿಗೂ ದಾರಿಯಲ್ಲೇ ಸುಮಾರು 1 ವೋಲ್ಟ್ ಸೋರಿಹೋಗುತ್ತದೆ. ತಂತಿಯ ಬಲ್ಬಿಗೆ ವೋಲ್ಟೇಜ್ ಇಷ್ಟು ಇಳಿದರೆ ಬೆಳಕು ಕಾಲು ಭಾಗ ಕುಗ್ಗುತ್ತದೆ. 18 ವ್ಯಾಟಿನ ಎಲ್‌ಇಡಿಯಾದರೆ ಒಂದೂವರೆ ಆಂಪಿಯರ್ ಸಾಕು, ಸೋರಿಕೆಯೂ 0.3 ವೋಲ್ಟ್ ಆಸುಪಾಸು.

ಕೊನೆಯದು ಅರ್ತ್. ಟ್ರೈಲರಿನ ಚೌಕಟ್ಟೇ ಕಬ್ಬಿಣವಲ್ಲವೇ ಎಂದು ಬೋಲ್ಟಿಗೆ ಅರ್ತ್ ಕಟ್ಟಿಬಿಡುವವರು ಬಹಳ. ನಾಲ್ಕು ಸಲ ನೀರಿಗಿಳಿದು ಬಂದ ಬೋಲ್ಟಿಗೆ ತುಕ್ಕು ಹಿಡಿದಿರುತ್ತದೆ, ವೈರಿನ ತುದಿಗೆ ಹಸಿರು ಕಿಲುಬು ಕಟ್ಟಿರುತ್ತದೆ. ಮರಳುವ ದಾರಿ ಕಟ್ಟಿಹೋದಾಗ ಕರೆಂಟು ಪಕ್ಕದ ದೀಪಗಳ ಮೂಲಕ ನುಸುಳುತ್ತದೆ. ಇಂಡಿಕೇಟರ್ ಹಾಕಿದರೆ ಟೈಲ್ ಲೈಟು ಮಿಣುಕುವ ವಿಚಿತ್ರಕ್ಕೆ ಬಹುಪಾಲು ಇದೇ ಕಾರಣ. ಪ್ರತಿ ದೀಪದಿಂದಲೂ ಪ್ಲಗ್ಗಿನವರೆಗೆ ಪ್ರತ್ಯೇಕ ಅರ್ತ್ ವೈರು ಎಳೆಯುವುದೇ ಸರಿ. ಕಡಲ ನೀರಿಗಿಳಿಸುವವರು ತವರದ ಲೇಪವಿರುವ ತಾಮ್ರದ ವೈರು ಬಳಸಿ, ಜೋಡಣೆಗಳನ್ನು ಅಂಟುಸಹಿತ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಬೇಕು.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಿ. ನೀಲಿ ಮತ್ತು ಬಿಳಿ ವೈರುಗಳ ನಡುವೆ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸಬೇಕು; ಸೊಲೆನಾಯ್ಡ್ ಇದ್ದರೆ ಟಿಕ್ ಎಂಬ ಸದ್ದು ಕೇಳಬೇಕು. ಗೇರ್ ತೆಗೆದಾಗ ದೀಪ ಆರುತ್ತದೆಯೇ ಎಂಬುದನ್ನೂ ನೋಡಿ. ಆರದಿದ್ದರೆ ಮುಂದಕ್ಕೆ ಓಡುವಾಗಲೂ ಬಿಳಿ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಸೊಲೆನಾಯ್ಡೂ ಬಿಡದೆ ರಸ್ತೆಯಲ್ಲಿ ಟ್ರೈಲರಿನ ಬ್ರೇಕೇ ಹಿಡಿಯದೆ ಹೋಗಬಹುದು. ದೀಪವಿಲ್ಲದೆ ದೋಣಿ ಇಳಿಸಬಹುದು, ಬ್ರೇಕಿಲ್ಲದೆ ಮನೆಗೆ ಮರಳಬಾರದು. ಮೊದಲು ಬ್ರೇಕ್ ಪರೀಕ್ಷಿಸಿ, ಆಮೇಲೆ ಬೆಳಕು ನೋಡಿ.