ದಡ ಸೇರಿದ ಹಡಗೂ ದಡದ ಬಾಡಿಗೆಯೂ

ಲಂಡನ್ನಿಗೆ ಹೋಗುವ ಕನ್ನಡಿಗರಲ್ಲಿ ಅನೇಕರು ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ನಮಿಸಿಯೇ ಮುಂದುವರಿಯುತ್ತಾರೆ. ಅಲ್ಲಿಂದ ಬಹು ದೂರವಿಲ್ಲದ ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಲ್ಲಿ ದೋಣಿಯೇರಿ ಪೂರ್ವಕ್ಕೆ ಸಾಗಿದರೆ, ಶಾಲೆಯ ಭೂಗೋಳದ ಪುಸ್ತಕದಿಂದ ಎಲ್ಲರಿಗೂ ಪರಿಚಿತವಾದ ಗ್ರೀನ್‌ವಿಚ್ ಎದುರಾಗುತ್ತದೆ. ದೋಣಿಯಿಂದಿಳಿದೊಡನೆ ಕಣ್ಣಿಗೆ ಬೀಳುವುದು ಮೂರು ಹಾಯಿಗಂಬಗಳನ್ನೆತ್ತಿ ನೆಲದ ಮೇಲೆ ನಿಂತಿರುವ ‘ಕಟಿ ಸಾರ್ಕ್’ ಎಂಬ ಹಡಗು. ಅದರ ಜೊತೆಗೇ ಕಾಣುವವು ಸುತ್ತಣ ಉಪಾಹಾರ ಗೃಹಗಳ ನಾಮಫಲಕಗಳು. ಈ ಎರಡರ ಸಂಬಂಧವನ್ನು ಕುರಿತು ಯೋಚಿಸಬೇಕಾದ ಕಾರಣಗಳು ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಇವೆ.

ಕಟಿ ಸಾರ್ಕ್ ಹಡಗು 1869ರ ನವೆಂಬರ್ 22ರಂದು ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ನೀರಿಗಿಳಿಯಿತು. ಚೀನಾದ ಚಹಾವನ್ನು ಲಂಡನ್ನಿಗೆ ಶೀಘ್ರವಾಗಿ ತರಲೆಂದು ಜಾನ್ ವಿಲ್ಲಿಸ್ ಎಂಬ ವರ್ತಕನು ಇದನ್ನು ಕಟ್ಟಿಸಿದನು. 16,150 ಪೌಂಡುಗಳಿಗೆ ಗುತ್ತಿಗೆ ಹಿಡಿದ ಸ್ಕಾಟ್ ಅಂಡ್ ಲಿಂಟನ್ ಸಂಸ್ಥೆಯು ಕೆಲಸ ಮುಗಿಯುವ ಮುನ್ನವೇ ದಿವಾಳಿಯೆದ್ದಿತು. ಉಳಿದುದನ್ನು ಡೆನ್ನಿ ಸಹೋದರರು ಪೂರೈಸಿದರು. ಹಡಗು ನೀರಿಗಿಳಿಯುವುದಕ್ಕೆ ಕೇವಲ ಐದು ದಿನ ಮೊದಲು, ನವೆಂಬರ್ 17ರಂದು, ಸೂಯೆಜ್ ಕಾಲುವೆ ತೆರೆದಿತ್ತು. ಕಾಲುವೆಯ ಹತ್ತಿರದ ದಾರಿ ಉಗಿಹಡಗುಗಳಿಗೆ ಒದಗಿತೇ ಹೊರತು ಹಾಯಿಹಡಗುಗಳಿಗೆ ಒದಗಲಿಲ್ಲ. ಕೆಲವೇ ವರ್ಷಗಳಲ್ಲಿ ಚಹಾ ಕೈತಪ್ಪಿತು. ಬಳಿಕ ಆಸ್ಟ್ರೇಲಿಯಾದ ಉಣ್ಣೆಯನ್ನು ಹೊತ್ತು ಹಡಗು ಕೀರ್ತಿ ಗಳಿಸಿತು. 1895ರಲ್ಲಿ ಪೋರ್ಚುಗೀಸರ ಪಾಲಾಯಿತು. 1922ರಲ್ಲಿ ಡೌಮನ್ ಎಂಬ ಕಪ್ತಾನನು ಮರಳಿ ಕೊಂಡು ತಂದನು. 1954ರಲ್ಲಿ ಗ್ರೀನ್‌ವಿಚ್ ಸೇರಿ, 1957ರಲ್ಲಿ ಸಾರ್ವಜನಿಕರ ದರ್ಶನಕ್ಕೆ ತೆರೆಯಿತು. ಜಂಗಮವಾಗಿದ್ದುದು ಹೀಗೆ ಸ್ಥಾವರವಾಯಿತು.

2007ರ ಮೇ 21ರ ಬೆಳಗಿನ ಜಾವ, ಜೀರ್ಣೋದ್ಧಾರ ನಡೆಯುತ್ತಿದ್ದ ಸಮಯದಲ್ಲಿ, ಹಡಗಿಗೆ ಬೆಂಕಿ ಬಿದ್ದಿತು. ವಾರಾಂತ್ಯದಲ್ಲಿ ಆರಿಸದೆ ಬಿಟ್ಟಿದ್ದ ಕಸ ಹೀರುವ ಯಂತ್ರವೊಂದು ಇದಕ್ಕೆ ಕಾರಣವಾಗಿದ್ದಿರಬಹುದೆಂದು ತನಿಖೆ ಹೇಳಿತು. ಹಾಯಿಗಂಬಗಳನ್ನೂ ಬಹಳಷ್ಟು ಹಲಗೆಗಳನ್ನೂ ದುರಸ್ತಿಗಾಗಿ ಮೊದಲೇ ಬೇರೆಡೆಗೆ ಸಾಗಿಸಿದ್ದುದರಿಂದ ಹಡಗಿನ ಜೀವ ಉಳಿಯಿತು. ಸುಮಾರು 5 ಕೋಟಿ ಪೌಂಡುಗಳ ವೆಚ್ಚದಲ್ಲಿ ಅದನ್ನು ಮೂರು ಮೀಟರಿಗೂ ಮಿಗಿಲಾಗಿ ಮೇಲೆತ್ತಿ, ಸುತ್ತ ಗಾಜಿನ ಚಾವಣಿ ಕಟ್ಟಿ, 2012ರ ಏಪ್ರಿಲ್ 25ರಂದು ರಾಣಿ ಎಲಿಜಬೆತ್ ಅವರು ಪುನಃ ಉದ್ಘಾಟಿಸಿದರು. ಹಡಗಿನ ಅಡಿಯಲ್ಲಿ ಔತಣಕೂಟಗಳಿಗೆ ಒದಗುವ ವಿಶಾಲ ಸ್ಥಳ ಸಿದ್ಧವಾಯಿತು. ಅದೇ ವರ್ಷ ಬ್ರಿಟನ್ನಿನ ವಾಸ್ತುಶಿಲ್ಪ ಪತ್ರಿಕೆಯೊಂದು ಈ ನವೀಕರಣಕ್ಕೆ ಆ ವರ್ಷದ ಅತ್ಯಂತ ಕುರೂಪ ಕಟ್ಟಡವೆಂಬ ‘ಕಾರ್ಬಂಕಲ್ ಕಪ್’ ಬಿರುದನ್ನು ದಯಪಾಲಿಸಿತು. ಹೀಗೆ ಹಡಗು ಮೇಲೇಳುತ್ತಿದ್ದ ಕಾಲದಲ್ಲಿಯೇ ಪಕ್ಕದ ದೋಣಿಕಟ್ಟೆಯ ಬಳಿಯ ಹೊಸ ಮಂಟಪಗಳಿಗೆ ಜಿಜಿ, ಬೈರನ್ ಮುಂತಾದ ಸರಪಳಿ ಉಪಾಹಾರ ಗೃಹಗಳ ಶಾಖೆಗಳು ಬಂದವು.

ನದಿಯ ದಡದಲ್ಲಿ ಊಟ ಮಾರುವುದು ಅಲ್ಲಿ ಹೊಸದೇನೂ ಅಲ್ಲ. 1837ರಲ್ಲಿ ಕಟ್ಟಿದ ಟ್ರಫಾಲ್ಗರ್ ಟ್ಯಾವರ್ನ್ ಎಂಬ ಭೋಜನಶಾಲೆಗೆ ಒಂದು ಕಾಲದಲ್ಲಿ ಮಂತ್ರಿಗಳು ಕೂಡ ದೋಣಿಯಲ್ಲಿ ಬಂದು ಪುಟ್ಟ ಮೀನಿನ ಔತಣ ಉಣ್ಣುತ್ತಿದ್ದರು. ಈಗ ಹಡಗು ನಿಂತಿರುವ ನೆಲದಲ್ಲಿಯೇ ‘ಷಿಪ್’ ಎಂಬ ಇನ್ನೊಂದು ಭೋಜನಶಾಲೆಯಿತ್ತು. ಎರಡನೆಯ ಮಹಾಯುದ್ಧದ ಬಾಂಬಿಗೆ ಅದು ನಾಶವಾಯಿತು. ಆದುದರಿಂದ ಇತಿಹಾಸದ ನೆಲಕ್ಕೆ ಹೋಟೆಲು ಮೈಲಿಗೆಯೆಂದು ದೂರುವುದು ಸಲ್ಲದು. ಆ ನೆಲದಲ್ಲಿ ಯಾರ ಹೋಟೆಲು ನಿಲ್ಲಬಲ್ಲದು ಎಂಬುದೇ ವಿಚಾರ ಮಾಡತಕ್ಕ ವಿಷಯ.

ಗಾಡರ್ಡ್ ಕುಟುಂಬದ ಪೈ ಅಂಗಡಿಯ ಕಥೆ ಇದಕ್ಕೆ ಉದಾಹರಣೆ. 1890ರಲ್ಲಿ ನೆರೆಯ ಡೆಟ್‌ಫರ್ಡಿನಲ್ಲಿ ಆರಂಭವಾಗಿ, 1952ರಲ್ಲಿ ಗ್ರೀನ್‌ವಿಚ್ಚಿಗೆ ಬಂದ ಈ ಅಂಗಡಿ ಕೈಮಾ ತುಂಬಿದ ಪೈ, ಬೇಯಿಸಿ ಕಿವುಚಿದ ಆಲೂಗಡ್ಡೆ, ಪಾರ್ಸ್ಲಿ ಸೊಪ್ಪಿನ ಹಸಿರು ರಸ ಇವುಗಳನ್ನು ಬಡಿಸುತ್ತಿತ್ತು. ಲಂಡನ್ನಿನ ದುಡಿಮೆಗಾರರ ಹೊಟ್ಟೆ ತುಂಬಿಸಿದ ಅಗ್ಗದ ಊಟವಿದು. 2006ರಲ್ಲಿ ಅಂಗಡಿ ಮುಚ್ಚಿತು. ಹಡಗು ಮತ್ತೆ ತೆರೆದ 2012ರಲ್ಲಿಯೇ ಹತ್ತಿರದ ಬೀದಿಯೊಂದರಲ್ಲಿ ಅದೂ ಮತ್ತೆ ಬಾಗಿಲು ತೆರೆಯಿತು. ಹಡಗನ್ನು ಉಳಿಸಲು ಸರಕಾರವೂ ದಾನಿಗಳೂ ಲಾಟರಿ ನಿಧಿಯೂ ಧಾವಿಸಿದವು. ಪೈ ಅಂಗಡಿಗೆ ಅಂತಹ ನಿಧಿಯೆಲ್ಲಿಯದು? ಅದರ ಅಳಿವು ಉಳಿವುಗಳನ್ನು ಬಾಡಿಗೆ ಮತ್ತು ವ್ಯಾಪಾರಗಳ ಲೆಕ್ಕವೇ ತೀರ್ಮಾನಿಸಬೇಕು.

ಆ ಲೆಕ್ಕ ಹೀಗಿದೆ. ಮಾಲೀಕನಿಗೆ ಬೇಕಾದುದು ದೀರ್ಘಾವಧಿಯ ಗುತ್ತಿಗೆ ಮತ್ತು ತಪ್ಪದೆ ಬರುವ ಬಾಡಿಗೆ. ನೂರು ಶಾಖೆಗಳ ಸಂಸ್ಥೆಯ ಸಹಿಗಿರುವ ಬೆಲೆ ಒಂದೇ ಅಂಗಡಿಯ ಗೃಹಸ್ಥನ ಸಹಿಗಿಲ್ಲ. ಕಟ್ಟಡಕ್ಕೆ ಸಾಲ ಕೊಡುವ ಬ್ಯಾಂಕೂ ಅದನ್ನೇ ನೋಡುತ್ತದೆ. ಇಂಗ್ಲೆಂಡಿನಲ್ಲಿ ದೀರ್ಘಕಾಲ ರೂಢಿಯಲ್ಲಿದ್ದ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬಾಡಿಗೆಯ ಪರಿಷ್ಕರಣವಾಗುತ್ತಿತ್ತು, ಅದೂ ಬಹುಮಟ್ಟಿಗೆ ಮೇಲ್ಮುಖವಾಗಿ ಮಾತ್ರ. ಯಾತ್ರಿಕರು ಹೆಚ್ಚಿದಷ್ಟೂ ನೆಲದ ಬೆಲೆ ಏರುತ್ತದೆ. ಬೀದಿಯ ಆಕರ್ಷಣೆಗೆ ಕಾರಣವಾದ ಸಣ್ಣ ಅಂಗಡಿ ಆ ಆಕರ್ಷಣೆಯ ಬೆಲೆಯನ್ನು ತಾನೇ ತೆರಲಾರದೆ ಹೋಗುತ್ತದೆ.

ಮಾಲೀಕರೆಲ್ಲ ದುರಾಶೆಯವರೆಂದು ಭಾವಿಸಬೇಕಾಗಿಲ್ಲ. ಗ್ರೀನ್‌ವಿಚ್ ಪೇಟೆಯ ಬಹುಭಾಗದ ಒಡೆತನ ‘ಗ್ರೀನ್‌ವಿಚ್ ಹಾಸ್ಪಿಟಲ್’ ಎಂಬ ಪುರಾತನ ಧರ್ಮನಿಧಿಯದು. ಅಲ್ಲಿಂದ ಬರುವ ಆದಾಯ ನೌಕಾದಳದವರ ಮತ್ತು ಅವರ ಕುಟುಂಬಗಳ ನೆರವಿಗೆ ಸಲ್ಲುತ್ತದೆ. ಬಾಡಿಗೆ ಬಿಟ್ಟುಕೊಟ್ಟರೆ ನಷ್ಟ ಆ ಕುಟುಂಬಗಳಿಗೆ. ಸರಪಳಿ ಸಂಸ್ಥೆಗಳಿಂದ ಪ್ರಯೋಜನವೇ ಇಲ್ಲವೆನ್ನಲೂ ಆಗದು. ಮಕ್ಕಳೊಡನೆ ಬಂದ ಅಪರಿಚಿತ ಪ್ರವಾಸಿಗೆ, ಅದರಲ್ಲೂ ಸಸ್ಯಾಹಾರಿಗೆ, ಪರಿಚಿತ ಫಲಕವೊಂದು ಧೈರ್ಯ ಕೊಡುತ್ತದೆ. 2022ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಆಹಾರೋದ್ಯಮಗಳು ತಿನಿಸುಗಳ ಕ್ಯಾಲೊರಿಯನ್ನು ಪಟ್ಟಿಯಲ್ಲಿ ನಮೂದಿಸಬೇಕೆಂಬ ನಿಯಮವಿದೆ. ಸಕ್ಕರೆ ಕಾಯಿಲೆಯವರಿಗೂ ಸ್ಥೂಲಕಾಯರಿಗೂ ಇದು ಉಪಕಾರವೇ.

ಆದರೆ ದೊಡ್ಡ ಸಹಿಯೂ ಶಾಶ್ವತವಲ್ಲ. 2019ರಲ್ಲಿ ಪ್ರಸಿದ್ಧ ಬಾಣಸಿಗ ಜೇಮೀ ಆಲಿವರ್ ಅವರ ಸಮೂಹ ಕುಸಿದಾಗ 25 ಉಪಾಹಾರ ಗೃಹಗಳಲ್ಲಿ 22 ಒಮ್ಮೆಗೇ ಮುಚ್ಚಿದವು. 2020ರಲ್ಲಿ ಬೈರನ್ ಸಂಸ್ಥೆ ತನ್ನ 51 ಶಾಖೆಗಳ ಪೈಕಿ 31ನ್ನು ಕಳೆದುಕೊಂಡಿತು. ಲಾಭ ಬರುವ ಶಾಖೆಯೂ ದೂರದ ಪ್ರಧಾನ ಕಛೇರಿಯ ಸಾಲದಿಂದಾಗಿ ಮುಚ್ಚಿಹೋಗಬಹುದು. ಒಬ್ಬನಿಗೇ ಹೆಚ್ಚು ಸಾಲ ಕೊಡಬಾರದೆಂಬ ಬ್ಯಾಂಕಿನ ವಿವೇಕ ಬೀದಿಗೂ ಅನ್ವಯಿಸುತ್ತದೆ: ಒಂದೇ ಬಗೆಯ ಬಾಡಿಗೆದಾರರನ್ನು ನೆಚ್ಚಿದ ಬೀದಿಗೆ ಒಂದೇ ಬಗೆಯ ಗಂಡಾಂತರ.

ಗ್ರೀನ್‌ವಿಚ್ ಮಾರುಕಟ್ಟೆಯ ವಿಷಯದಲ್ಲಿ ಇಂತಹ ವಿವೇಕದ ಕುರುಹು ಕಾಣುತ್ತದೆ. 1700ರ ರಾಜಶಾಸನದಿಂದ ಹಕ್ಕು ಪಡೆದ ಈ ಮಾರುಕಟ್ಟೆಯನ್ನು ಪುನರ್ನಿರ್ಮಿಸಿ ಹೋಟೆಲು ಕಟ್ಟುವ ಯೋಜನೆಯನ್ನು ಸ್ಥಳೀಯ ಸಂಸ್ಥೆ 2009ರಲ್ಲಿ ನಿರಾಕರಿಸಿತು. ಮೇಲ್ಮನವಿಯಲ್ಲಿ ಅನುಮತಿ ದೊರೆತರೂ ಮಾಲೀಕರು ಕಡೆಗೆ ಆ ಯೋಜನೆಯನ್ನು ಕೈಬಿಟ್ಟು ಹಳೆಯದನ್ನೇ ದುರಸ್ತಿ ಮಾಡಿಸಿದರು. ಕರಕುಶಲದವರ, ತಿಂಡಿ ಮಾರುವವರ ಪುಟ್ಟ ಮಳಿಗೆಗಳು ಅಲ್ಲಿ ಉಳಿದವು.

ಮುಂಬೈಯ ಕನ್ನಡಿಗರಿಗೆ ಈ ಕಥೆ ಹೊರಗಿನದಲ್ಲ. 1942ರಲ್ಲಿ ರಾಮನಾಯಕರು ಮಾಟುಂಗಾದಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳು, ಊರು ಬಿಟ್ಟು ಬಂದ ಎಷ್ಟೋ ಹುಡುಗರಿಗೆ ತಾಯಿಯ ಕೈಯಡಿಗೆಯ ನೆನಪನ್ನು ಉಳಿಸಿಕೊಟ್ಟವು. ಪಗಡಿ ಪದ್ಧತಿಯ ಹಳೆಯ ಕಟ್ಟಡಗಳ ಅಲ್ಪ ಬಾಡಿಗೆ ಇಂತಹ ಅನೇಕ ಸಣ್ಣ ಹೋಟೆಲುಗಳಿಗೆ ಆಸರೆಯಾಗಿತ್ತು. ಆ ಕಟ್ಟಡಗಳು ಒಂದೊಂದಾಗಿ ನೆಲಸಮವಾಗಿ ಗೋಪುರಗಳೇಳುವಾಗ, ಹೊಸ ಕಟ್ಟಡದ ನೆಲ ಅಂತಸ್ತಿನಲ್ಲಿ ಹಳೆಯ ಹೋಟೆಲಿಗೆ ಜಾಗವುಂಟೇ, ಉಂಟಾದರೆ ಎಷ್ಟು ವರ್ಷಕ್ಕೆ, ಯಾವ ಬಾಡಿಗೆಗೆ ಎಂಬುದು ಕರಾರುಪತ್ರಕ್ಕೆ ಸಹಿ ಬೀಳುವ ಮುನ್ನವೇ ಕೇಳಬೇಕಾದ ಮಾತು. ಸಹಿ ಬಿದ್ದ ಮೇಲೆ ಕೇಳಿದರೆ ಉತ್ತರ ಸಿಕ್ಕೀತು, ಊಟ ಸಿಕ್ಕಲಾರದು.