ಸುಗ್ಗಿಯ ಗುಮಟೆ, ಹೋರಾಟದ ಸೊಲ್ಲು

ಕಾಯ್ಕಿಣಿ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಗೌರೀಶರ ವಿಚಾರ ಸಾಹಿತ್ಯ, ಜಯಂತರ ಕತೆಗಳು. ಆ ಮನೆತನಕ್ಕೆ ಹೆಸರು ಕೊಟ್ಟ ಊರು ಭಟ್ಕಳ ತಾಲ್ಲೂಕಿನಲ್ಲಿ, ಮುರ್ಡೇಶ್ವರದ ಮಗ್ಗುಲಲ್ಲಿದೆ. ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟದ ಬುಡ, ನಡುವೆ ಗದ್ದೆ, ತೆಂಗು, ಹೆದ್ದಾರಿ. ಇಲ್ಲಿಂದ ಬಡಗಣಕ್ಕೆ ಹೊರಟರೆ ಹೊನ್ನಾವರ, ಕುಮಟಾ, ಅಂಕೋಲಾ. ವಾಹನದಲ್ಲಿ ಹೋದರೆ ಅರ್ಧ ದಿನವೂ ಬೇಡದ ಈ ದಾರಿಯ ಎರಡೂ ಬದಿಗೆ ಹಾಡುವ ಜನ ಇದ್ದಾರೆ: ಭಟ್ಕಳದ ಕಾಡಂಚಿನಲ್ಲಿ ಢಕ್ಕೆ ಹಿಡಿದು ಕುಣಿಯುವ ಗೊಂಡರು, ಅಲ್ಲಿಂದ ಮುಂದೆ ಹಾಲಕ್ಕಿ ಒಕ್ಕಲಿಗರು, ಮುಕ್ರಿಗಳು, ಗಾಮೊಕ್ಕಲರು, ಅಂಬಿಗರು, ಖಾರ್ವಿಗಳು. ಉತ್ಸವಗಳ ವೇದಿಕೆಯಲ್ಲಿ ಇವರೆಲ್ಲರಿಗೂ ಒಂದೇ ಹೆಸರು, ಜಾನಪದ ತಂಡ. ಮಂತ್ರಿಗಳು ಬರುವ ತನಕ ಒಂದು ಕುಣಿತ, ಬಂದ ಮೇಲೆ ಮೆರವಣಿಗೆಯ ಮುಂದೆ ಇನ್ನೊಂದು. ಹಾಡಿನ ಒಂದು ಪದವೂ ಯಾರ ಕಿವಿಗೂ ಬೀಳುವುದಿಲ್ಲ. ಈ ಹಾಡುಗಳಲ್ಲಿ ಚೆಂದ ಇರುವಷ್ಟೇ ಜಗಳವೂ ಇದೆ, ನ್ಯಾಯ ಕೇಳುವ ಗಂಟಲೂ ಇದೆ. ಅದನ್ನು ಪರಿಚಯಿಸಬೇಕು ಎಂಬುದೇ ಈ ಬರೆಹದ ಆಸೆ.

ಮೊದಲು ವಾದ್ಯದಿಂದ ಶುರುಮಾಡೋಣ. ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದಿರುತ್ತದೆ. ಬಾರಿಸುವವರು ಅದನ್ನು ಹಗ್ಗದಿಂದ ಕೊರಳಿಗೆ ಹಾಕಿಕೊಂಡು ಮೈಗೆ ಒತ್ತಿ ಹಿಡಿಯುತ್ತಾರೆ. ಬಲಗೈ ಬೆರಳು ಚರ್ಮದ ಮೇಲೆ ಬೀಳುತ್ತಿದ್ದರೆ ಎಡಗೈಯ ಅಂಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತಿರುತ್ತದೆ. ಮುಚ್ಚಿದಾಗ ಸದ್ದು ಒಳಗೇ ಗುಮ್ಮೆನ್ನುತ್ತದೆ, ಬಿಟ್ಟಾಗ ಗದ್ದೆಯಾಚೆಗೂ ಹಾಯುತ್ತದೆ. ಅಂದರೆ ಲಯ ಬಲಗೈಯದ್ದು, ಸ್ವರ ಎಡಗೈಯದ್ದು. ಹೊಸಬರಿಗೆ ಬಲಗೈ ಬೇಗ ಒಲಿಯುತ್ತದೆ, ಎಡಗೈ ಪಳಗಲು ವರ್ಷಗಳೇ ಬೇಕು. ಜೊತೆಗೆ ಜಾಗಟೆ, ತಾಳ ಸೇರಿದರೆ ಅದು ಗುಮಟೆ ಪಾಂಗ್. ಕೆಲಸ ಮುಗಿದ ರಾತ್ರಿಗಳಲ್ಲಿ ಅಂಗಳದಲ್ಲಿ ಕೂತು ರಾಮಾಯಣ, ಮಹಾಭಾರತದ ಕತೆಗಳನ್ನು ತಮ್ಮದೇ ಮಾತಿನಲ್ಲಿ ಹಾಡುವ ಪದ್ಧತಿ ಇದು.

ಹಿಂದೆ ಗುಮಟೆಗೆ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ತೆಳುವಾಗಿಯೂ ಬಿಗಿಯಾಗಿಯೂ ಇರುವ ಅದರ ನಾದಕ್ಕೆ ಸಾಟಿಯಿಲ್ಲ ಎಂದು ಹಿರಿಯ ಕಲಾವಿದರು ಇಂದಿಗೂ ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡವನ್ನು ಕಾಪಾಡಿತು. ಅದು ಸರಿಯಾದದ್ದೇ. ಈಗ ಆಡಿನ ಚರ್ಮ ಬಂದಿದೆ. ನೆರೆಯ ಗೋವಾ ತನ್ನ ಘುಮಟವನ್ನು 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ನಮ್ಮ ಕಡೆ ಗುಮಟೆಗೆ ಅಂಥ ಮಾನ್ಯತೆ ಸಿಗಬೇಕಾದದ್ದು ಬಾಕಿ ಇದೆ. ಮಡಕೆ ಮಾಡುವ ಗುನಗರ ಮನೆಗಳಲ್ಲಿ ತಿಗರಿ ನಿಲ್ಲುತ್ತಾ ಬಂದಿರುವುದು ಚರ್ಮಕ್ಕಿಂತ ದೊಡ್ಡ ಚಿಂತೆ.

ಗುಮಟೆ ಬೀದಿಗಿಳಿಯುವುದು ಸುಗ್ಗಿಯಲ್ಲಿ. ಬೆಳೆ ಮನೆ ಸೇರಿದ ಮೇಲೆ, ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ತನಕ ಹಾಲಕ್ಕಿ ಗಂಡಸರು ಊರೂರು ತಿರುಗಿ ಕುಣಿಯುತ್ತಾರೆ. ತಲೆಯ ಮೇಲೆ ಬೆಂಡಿನ ಹೂಗಳಿಂದ ಕಟ್ಟಿದ ಬಣ್ಣಬಣ್ಣದ ತುರಾಯಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ತಂಡ ಹೊರಡುವ ಮುನ್ನ ಊರಗೌಡರ ಅಪ್ಪಣೆ ಬೇಕು, ಬುದವಂತರ ಸಲಹೆ ಬೇಕು, ಕೋಲಕಾರ ಸುದ್ದಿ ಮುಟ್ಟಿಸಬೇಕು. ಒಂದು ಸಮಾಜ ತನ್ನನ್ನು ತಾನೇ ನಡೆಸಿಕೊಂಡು ಬಂದ ಕ್ರಮವೆಲ್ಲ ಆ ಕುಣಿತದ ಹಿಂದೆ ನಿಂತಿದೆ. ಅಂಕೋಲೆಯಲ್ಲಿ ಬೆಳಂಬಾರದ ಸುಗ್ಗಿ ತಂಡ ತಹಶೀಲ್ದಾರರ ಕಚೇರಿಯ ಎದುರೇ ಕುಣಿಯುತ್ತದೆ. ಬ್ರಿಟಿಷರ ಕಾಲದಿಂದ ಬಂದ ಹಕ್ಕು ಅದು ಎನ್ನುತ್ತಾರೆ ಊರವರು. ವರ್ಷವಿಡೀ ಅರ್ಜಿ ಹಿಡಿದು ಕೈಕಟ್ಟಿ ನಿಲ್ಲುವ ಜನ ಆ ಒಂದು ದಿನ ಅದೇ ಅಂಗಳದಲ್ಲಿ ತಲೆಯೆತ್ತಿ ಕುಣಿಯುತ್ತಾರೆ, ಅಧಿಕಾರಿಗಳು ಎದ್ದು ಬಂದು ನೋಡುತ್ತಾರೆ. ಈ ನೋಟದ ಬೆಲೆ ಗೊತ್ತಾಗಬೇಕಾದರೆ ಉಳಿದ ದಿನಗಳಲ್ಲೂ ಆ ಕಚೇರಿಗೆ ಹೋಗಿ ನೋಡಬೇಕು.

ಸುಗ್ಗಿಯ ಜೊತೆಗೇ ಹಗರಣವೂ ಬರುತ್ತದೆ. ವೇಷ ಕಟ್ಟಿ, ಗಾಡಿಯ ಮೇಲೆ ದೃಶ್ಯ ಹೂಡಿ, ಆ ವರ್ಷ ಊರನ್ನು ಕಾಡಿದ್ದನ್ನು ಬಯಲಲ್ಲಿ ಆಡಿ ತೋರಿಸುವುದು. ಹೊಂಡ ಬಿದ್ದ ರಸ್ತೆ, ಮಾತು ಕೊಟ್ಟು ಮರೆತ ಮುಖಂಡ, ಏರಿದ ಬೆಲೆ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಆ ದಿನ ಯಾರೂ ಸಿಟ್ಟಾಗುವಂತಿಲ್ಲ ಎಂಬುದು ಊರಿನ ಕಟ್ಟು. ದೊಡ್ಡವರನ್ನು ಎದುರಿಗೇ ಹಾಡಿ ಅಣಕಿಸುವ ಈ ಸಲಿಗೆಯಿಂದಲೇ ಕರಾವಳಿಯ ಹೋರಾಟದ ಹಾಡು ಹುಟ್ಟಿದೆ ಎಂದು ನಾನು ನಂಬುತ್ತೇನೆ. ಬೇರೆ ಕಡೆಯಿಂದ ತಂದು ನೆಟ್ಟದ್ದು ಆಮೇಲಿನ ಮಾತು.

ಹೆಂಗಸರ ಹಾಡಿಗೆ ಗುಮಟೆಯ ಆಸರೆಯೂ ಬೇಡ. ನಾಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ ಒಂದು ಗುಂಪು ಸೊಲ್ಲೆತ್ತಿದರೆ ಇನ್ನೊಂದು ಗುಂಪು ಅದನ್ನೇ ಹಿಡಿದು ಮರಳಿಸುತ್ತದೆ. ಸಾಲಿನ ಕೊನೆಯನ್ನು ಉಸಿರು ಇರುವ ತನಕ ಎಳೆಯುತ್ತಾರೆ. ಆ ಎಳೆತದ ಹೊತ್ತಿನಲ್ಲೇ ಹೇಳುವವಳ ಮನಸ್ಸಿನಲ್ಲಿ ಮುಂದಿನ ಸಾಲು ಸಿದ್ಧವಾಗುತ್ತದೆ. ಮದುವೆ ಹಾಡಿನಲ್ಲಿ ಬೀಗರ ಹೆಸರು, ಊರು, ಅವರ ಜಿಪುಣತನ ಎಲ್ಲವನ್ನೂ ಅಲ್ಲಲ್ಲೇ ಸೇರಿಸಬೇಕು. ಹೆಸರು ಬದಲಿಸಿದರೆ ಹಾಡು ಹೊಸದು. ಇದೇ ಜಾಣ್ಮೆ ಸಾರಾಯಿ ಅಂಗಡಿಯ ಮುಂದೆ ಕೂತಾಗ ಕೆಲಸಕ್ಕೆ ಬಂತು.

ಅಂಕೋಲೆ ತಾಲ್ಲೂಕು ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಎಲ್ಲರೂ ಬಲ್ಲರು. ಊರವರಿಗೆ ಸುಕ್ರಜ್ಜಿ. ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ಸಾವಿರಾರು ಹಾಡುಗಳು ಬಾಯಿಗೆ ಬರುತ್ತಿದ್ದವು. ಹಂಪಿ ವಿಶ್ವವಿದ್ಯಾಲಯದ ನಾಡೋಜ ಬಂತು, 2017ರಲ್ಲಿ ಪದ್ಮಶ್ರೀ ಬಂತು. ಗಂಡನನ್ನು ಕುಡಿತ ತಿಂದುಹಾಕಿತ್ತು. ಆ ಸಂಕಟವನ್ನು ಮನೆಯೊಳಗೆ ಇಟ್ಟುಕೊಳ್ಳದೆ ಆಕೆ ಹಾಲಕ್ಕಿ ಕೇರಿಗಳ ಹೆಂಗಸರನ್ನು ಕೂಡಿಸಿ ಸಾರಾಯಿ ವಿರೋಧಿ ಚಳವಳಿಗೆ ಇಳಿದರು. ಅಲ್ಲಿ ಭಾಷಣ ಮಾಡುವವರು ಬೇರೆ ಇದ್ದರು. ಹೆಂಗಸರು ನಂಬಿದ್ದು ಮಾತ್ರ ತಮಗೆ ಗೊತ್ತಿದ್ದ ಧಾಟಿಯ ಹಾಡನ್ನು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಆ ಆದೇಶದ ಹಿಂದೆ ನಾಡಿನ ನೂರಾರು ಊರುಗಳ ಹೆಂಗಸರ ಗಂಟಲು ಇತ್ತು, ಅದರಲ್ಲಿ ಸುಕ್ರಜ್ಜಿಯದೂ ಒಂದು. ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ದಿಲ್ಲಿಯ ದೊಡ್ಡವರ ಮುಂದೆಯೂ ಕೇಳಿದ ಬೇಡಿಕೆ ಅವರು ಇರುವ ತನಕ ಈಡೇರಲಿಲ್ಲ.

ಈ ಜಿಲ್ಲೆಗೆ ಪ್ರತಿಭಟನೆ ಹೊಸತಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಎರಡು ವರ್ಷದ ಬಳಿಕ ಅಂಕೋಲಾ, ಸಿದ್ದಾಪುರಗಳ ರೈತರು ಕರ ನಿರಾಕರಿಸಿ ಮನೆಮಾರು ಕಳೆದುಕೊಂಡರು. ಮುಂಜಾವದ ಪ್ರಭಾತಫೇರಿಗಳಲ್ಲಿ ಹಾಡೇ ಕರಪತ್ರವಾಗಿತ್ತು. ಸ್ವಾತಂತ್ರ್ಯದ ಹೋರಾಟದ ನಡುವೆಯೇ ಇನ್ನೊಂದು ಪ್ರಶ್ನೆ ಎದ್ದಿತು: ಉಳುವವನ ಪಾಲೆಷ್ಟು? ಚಾಲಗೇಣಿಯ ಒಕ್ಕಲನ್ನು ಧಣಿ ಬೇಕೆಂದಾಗ ಬಿಡಿಸಬಹುದಿತ್ತು. ದಿನಕರ ದೇಸಾಯಿಯವರು ಈ ಒಕ್ಕಲುಗಳನ್ನು ಸಂಘಟಿಸಿದರು. ಅದಕ್ಕಾಗಿ 1940ರಿಂದ ಐದು ವರ್ಷ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಲಾಯಿತು. ಚುಟುಕ ಬ್ರಹ್ಮ ಎಂದು ನಾವು ಕರೆಯುವ ಕವಿಯೂ ಅವರೇ. ನಾಲ್ಕು ಸಾಲು, ಪ್ರಾಸ, ಆಡುಮಾತು: ಓದುಬರಹ ಬಾರದವನೂ ಒಮ್ಮೆ ಕೇಳಿ ನೆನಪಿಡಬಹುದಾದ ಆ ಕಟ್ಟು ಗದ್ದೆಯ ಹಾಡಿನ ನೆರೆಹೊರೆಯಲ್ಲೇ ಬೆಳೆದದ್ದು.

1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ 1979ರಲ್ಲಿ ಜಾಥಾ ಹೊರಡಿಸಿದ ಮೇಲೆ ಬೀದಿನಾಟಕವೂ ದಲಿತ, ಬಂಡಾಯದ ಹಾಡುಗಳೂ ನಾಡೆಲ್ಲ ಹಬ್ಬಿದವು. ಹೊನ್ನಾವರ ತಾಲ್ಲೂಕಿನ ಕೆರೆಕೋಣದಲ್ಲಿ ಲೇಖಕ ಆರ್.ವಿ. ಭಂಡಾರಿಯವರ ನೆನಪಿಗೆ ಅವರ ಮಗ ವಿಠ್ಠಲ ಭಂಡಾರಿ ಮತ್ತು ಗೆಳೆಯರು ಕಟ್ಟಿದ ‘ಸಹಯಾನ’ ಹಾಡು, ನಾಟಕ, ಚರ್ಚೆಗಳನ್ನು ಒಂದೇ ಚಪ್ಪರದ ಕೆಳಗೆ ತಂದಿತು. ಹಳ್ಳಿಯೊಂದರಲ್ಲಿ ನಡೆಯುವ ಇಂಥ ಕೂಟಗಳೇ ನನ್ನ ಲೆಕ್ಕದಲ್ಲಿ ನಿಜವಾದ ಪರಂಪರೆಯ ಉತ್ಸವ. ಅಲ್ಲಿ ಹಾಡುವವರಿಗೂ ಕೇಳುವವರಿಗೂ ನಡುವೆ ಬ್ಯಾರಿಕೇಡ್ ಇರುವುದಿಲ್ಲ. ವಿಠ್ಠಲ ಭಂಡಾರಿ 2021ರಲ್ಲಿ ಕೊರೊನಾಕ್ಕೆ ಬಲಿಯಾದದ್ದು ಈ ಭಾಗಕ್ಕೆ ದೊಡ್ಡ ನಷ್ಟ.

ಯಕ್ಷಗಾನಕ್ಕೆ ಇದೇ ಹೊನ್ನಾವರದ ಗುಣವಂತೆಯಲ್ಲಿ 1934ರಿಂದ ಇಡಗುಂಜಿ ಮೇಳವಿದೆ, ಕೆರೆಮನೆ ಮನೆತನದ ತಲೆಮಾರುಗಳಿವೆ, ಕಲಿಸುವ ಗುರುಕುಲವಿದೆ. ಗುಮಟೆಗೆ ಇಂಥದ್ದೊಂದು ನೆಲೆಯಿಲ್ಲ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಕೇರಿ ಕೇರಿ ತಿರುಗಿ ಹಾಡುಗಳನ್ನು ಬರೆದುಕೊಳ್ಳದಿದ್ದರೆ ಎಷ್ಟೋ ಪದಗಳು ಹಾಡಿದವರ ಜೊತೆಗೇ ಮಣ್ಣಾಗುತ್ತಿದ್ದವು. ಆದರೆ ಪುಸ್ತಕಕ್ಕೆ ಬಂದದ್ದು ಮಾತು. ಎಡಗೈಯ ಕೆಲಸ, ಸಾಲಿನ ಕೊನೆಯ ಎಳೆತ, ಹೆಸರು ಬದಲಿಸುವ ಚುರುಕು ಇವೆಲ್ಲ ಎದುರು ಕೂತು ಕಲಿಯಬೇಕಾದವು.

ಉತ್ಸವ ಮಾಡುವವರಲ್ಲಿ ಒಂದು ವಿನಂತಿ. ಜಾನಪದ ತಂಡವನ್ನು ಮೆರವಣಿಗೆಗೆ ಕರೆಯುವ ಬದಲು ಒಂದು ಗಂಟೆ ವೇದಿಕೆ ಕೊಡಿ. ಹಾಡು ಏನು ಹೇಳುತ್ತದೆ ಎಂಬುದನ್ನು ಹಾಡುವವರ ಬಾಯಿಂದಲೇ ಕೇಳಿಸಿ. ಸಿನಿಮಾ ಗಾಯಕರಿಗೆ ಕೊಡುವಂತೆ ಇವರಿಗೂ ಗೌರವಧನವನ್ನು ಅದೇ ದಿನ ಕೈಗೆ ಕೊಡಿ. ಭಟ್ಕಳದಿಂದ ಅಂಕೋಲೆಯವರೆಗಿನ ಶಾಲೆಗಳಲ್ಲಿ ವಾರಕ್ಕೊಂದು ತರಗತಿ ಗುಮಟೆಗೆ ಮೀಸಲಾಗಲಿ, ಕಲಿಸಲು ಕೇರಿಯ ಹಿರಿಯರೇ ಬರಲಿ. ಓದುಗರೇ, ಬರುವ ಹೋಳಿ ಹುಣ್ಣಿಮೆಯ ವಾರದಲ್ಲಿ ಕುಮಟಾ, ಅಂಕೋಲೆಯ ಹಳ್ಳಿಗಳಿಗೆ ಬನ್ನಿ. ಸುಗ್ಗಿ ನೋಡಲು ಟಿಕೆಟ್ ಇಲ್ಲ. ತಂಡ ಮನೆಯಂಗಳಕ್ಕೆ ಬಂದಾಗ ಕಾಣಿಕೆ ಹಾಕುವುದು ವಾಡಿಕೆ.